ಆಳುಗಳು ಸರಕಲ್ಲ



ಅಡಿಕೆ ಕೊನೆಕೊಯ್ಲು, ಕಾಫಿ ಕೊಯ್ಲು ಬಂತೆಂದರೆ ಬಾಡಿಗೆಯ ಪಿಕಪ್‌ನಲ್ಲಿ ಆಳುಗಳನ್ನು ತುಂಬಿ ತರುವುದು ನಮ್ಮ ರೂಢಿ, ನಾನೂ ತಂದವನೇ. ಗಾಡಿ ಮಗುಚಿದರೆ ವಿಮೆ ಇದೆಯಲ್ಲ ಎಂಬ ಧೈರ್ಯ. ಅದು ಹುಸಿ ಧೈರ್ಯ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರ ಬಗ್ಗೆ ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪಿತ್ತಿದೆ. ಆಗ ಪರಿಹಾರದ ಹೊರೆ ಗಾಡಿಯ ಮಾಲೀಕನ ಮೇಲೆ. ಅವನಲ್ಲಿ ಹಣವಿಲ್ಲದಿದ್ದರೆ, ಧಾರವಾಡದ ಹೈಕೋರ್ಟು ಪೀಠದವರೆಗೆ ಹೋಗಿ ಗೆದ್ದರೂ ಕಾಲು ಮುರಿದ ಆಳಿಗೆ ಸಿಗುವುದು ತೀರ್ಪಿನ ಕಾಗದವಷ್ಟೆ.

ಪ್ರಯಾಣಿಕರನ್ನು ಒಯ್ಯಲು ಪರವಾನಗಿ, ವಿಮೆ ಎರಡೂ ಇರುವ ಟೆಂಪೊವನ್ನೇ ಗೊತ್ತುಮಾಡಿರಿ. ನಾಲ್ಕು ಮನೆಯವರು ಕೂಡಿದರೆ ಬಾಡಿಗೆ ಭಾರವಾಗದು. ಸಹಕಾರವೆಂದರೆ ಅದೂ ಹೌದು.

— ಕಾರ್ಯದರ್ಶಿ