ಪ್ರೊಫೆಸರ್ ಕುರ್ಚಿಗೆ ಇಪ್ಪತ್ತು ವರ್ಷ: ಲೆಕ್ಕ ಇವತ್ತೇ ಶುರುವಾಗಲಿ!



ದೇವದುರ್ಗ, ಮಾನ್ವಿ ಕಡೆಯ ಹುಡುಗರು ಬಯೋಡಾಟಾ ಮಾಡಿಸಲು ನಮ್ಮ ಪ್ರೆಸ್ಸಿಗೆ ಬರುತ್ತಾರೆ. ಮೊನ್ನೆ ಬಿ.ಇ. ಮುಗಿಸಿದ ಒಬ್ಬನನ್ನು ಕೇಳಿದೆ: "ತಮ್ಮಾ, ಯಾವ ಕೆಲಸಕ್ಕ ಅರ್ಜಿ?"

"ಎಲ್ಲ್ಯಾರ ಗುತ್ತಿಗೆ ಕೆಲಸ ಸಿಕ್ಕರೂ ಸಾಕ್ರಿ ಅಣ್ಣಾ."

ಸಾಕೇ? 1985ರಲ್ಲಿ ಮೊದಲ ಘಟಕ ಹೊತ್ತಿಸಿದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 8 ಘಟಕ, 1720 ಮೆಗಾವಾಟ್‌ಗೆ ಬೆಳೆಯಿತು. ಇಡೀ ನಾಡಿಗೆ ಬೆಳಕು, ಬೂದಿ ಮಾತ್ರ ನಮಗೆ! ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಪಕ್ಕದ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ. ಇಂಥ ಸೀಮೆಯ ವಿಶ್ವವಿದ್ಯಾಲಯಕ್ಕೆ ನೆಲದಾಳದ ಇಂಧನ ವಿದ್ಯೆ ಕಲಿಸುವ ಒಬ್ಬ ಹಿರಿಯ ಪ್ರೊಫೆಸರ್ ಬೇಡವೇ?

ಏನಿದು ವಿದ್ಯೆ? ಕಲ್ಲಿದ್ದಲು, ತೈಲ, ಅನಿಲ ತೆಗೆಯುವುದು, ಭೂಮಿಯ ಒಡಲ ಬಿಸಿಯನ್ನು ಬಳಸುವುದು, ಹೊಗೆಯನ್ನು ಮರಳಿ ಬಂಡೆಯೊಳಗೆ ಕಳಿಸುವುದು. ಐಸ್‌ಲ್ಯಾಂಡಿನವರು 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಗೆ ಇಳಿಸಿದರು. ಅದು ಒಳಗೇ ಕಲ್ಲಾಯಿತು! ನಮ್ಮ ಕಲಬುರಗಿ, ಬೀದರ್, ವಿಜಯಪುರ ಕಡೆಯ ಕಪ್ಪು ಕಲ್ಲೂ ಬಸಾಲ್ಟೇ. ಶಕ್ತಿನಗರದ ಹೊಗೆಗೆ ಅದು ಆದೀತೇ? ಪರೀಕ್ಷಿಸಿ ಹೇಳುವವರು ಬೇಕು. ಯುರೇನಿಯಂ ತೆಗೆದರೆ ಬಾವಿ ನೀರು ಕೆಡುತ್ತದೆಯೇ ಎಂದು ಗೋಗಿಯ ರೈತ ಕೇಳಿದರೆ ಅವನ ಕನ್ನಡದಲ್ಲೇ ಉತ್ತರ ಕೊಡುವವರು ಬೇಕು.

ಆ ಹುದ್ದೆಗೆ ನಮ್ಮವರೇ ಬರಲಿ ಎಂದು ಕೂಗುವುದು ಸುಲಭ. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯಿಂದ ಓದು, ನೌಕರಿಯಲ್ಲಿ ಈ ಭಾಗಕ್ಕೆ ಮೀಸಲಾತಿ ಸಿಕ್ಕಿದೆ. ಆದರೆ ಮಿತ್ರರೇ, ಪ್ರೊಫೆಸರ್ ಆಗಲು ಪಿಎಚ್.ಡಿ. ಜೊತೆಗೆ 10 ವರ್ಷದ ಅನುಭವ ಬೇಕು. ಬಿ.ಇ.ಗೆ 4, ಎಂ.ಟೆಕ್.ಗೆ 2, ಪಿಎಚ್.ಡಿ.ಗೆ ಸುಮಾರು 4, ಆಮೇಲೆ ಈ 10. ಇವತ್ತು ಪಿಯುಸಿ ಮುಗಿಸಿದ ಮಾನ್ವಿಯ ಹುಡುಗಿ ಆ ಕುರ್ಚಿ ಮುಟ್ಟಲು ಇಪ್ಪತ್ತು ವರ್ಷ! ಮೀಸಲಾತಿ ಬಾಗಿಲು ತೆರೆಯುತ್ತದೆ, ಮೆಟ್ಟಿಲು ನಾವೇ ಹತ್ತಬೇಕು. ಅರ್ಹರೇ ಇಲ್ಲದಿದ್ದರೆ ಕುರ್ಚಿ ಖಾಲಿ ಬಿದ್ದೀತು, ಇಲ್ಲವೇ ಬೇರೆಯವರಿಗೆ ಹೋದೀತು. ಆಗ ಅವರನ್ನು ಬೈದು ಫಲವೇನು?

ಅದಕ್ಕೇ ನಮ್ಮ ಒತ್ತಾಯ ಮೂರು. ಒಂದು, ಸರಕಾರ ರಾಯಚೂರಿನಲ್ಲಿ ಈ ವಿಭಾಗ ತೆರೆದು ಹಿರಿಯ ಪೀಠ ಸ್ಥಾಪಿಸಲಿ. ಮೊದಲಿಗೆ ಬರುವ ವಿದ್ವಾಂಸರು ಎಲ್ಲಿಯವರಾದರೂ ಸರಿ, ನಮ್ಮ ಮಕ್ಕಳನ್ನು ತಯಾರು ಮಾಡಲಿ. ಎರಡು, ಗಣಿ ವಿದ್ಯೆ ಕಲಿಯಲು ಸುರತ್ಕಲ್ಲಿಗೆ, ಧನಬಾದಿಗೆ ಹೋಗುವ ಈ ಜಿಲ್ಲೆಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲಿ. ಮೂರು, ಪಾಠದ ಪುಸ್ತಕ ಕನ್ನಡದಲ್ಲೂ ಬರಲಿ.

ನಾನು ಪಿಯುಸಿಗೇ ನಿಂತವನು. ಪುಸ್ತಕ ಬರೆಯುವ ಶಕ್ತಿ ನನಗಿಲ್ಲ, ಅಚ್ಚು ಹಾಕುವ ಮಷೀನು ಇದೆ. ನೀವು ಓದಿ ಬಂದು ಬರೆಯಿರಿ. ಮೊದಲ ಪುಸ್ತಕದ ಅಚ್ಚಿನ ಕೂಲಿ ನಾನು ಕೇಳುವುದಿಲ್ಲ!