ಕಷಾಯ ಸಲ್ಲತಕ್ಕದ್ದು ತೊಗರಿಗೆ

ಸಸ್ಯಸಾರಗಳು ರಾಸಾಯನಿಕಗಳಿಂದೊದಗುವ ವಂಶವಾಹಿಯ ಹಾನಿಯನ್ನು ತಡೆಯುತ್ತವೆಂಬ ವಾರ್ತೆ ಪ್ರಕಟವಾದಾಗಲೆಲ್ಲ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿಹೊಲದಲ್ಲಿ ಬೆನ್ನಿಗೆ ಪಂಪು ಬಿಗಿದು ‘ಎಣ್ಣಿ ಹೊಡೆಯುವ’, ಅಂದರೆ ಕೀಟನಾಶಕ ಸಿಂಪಡಿಸುವ, ಕೂಲಿಯವನಿಗೂ, ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲುಗಳ ಧೂಳಿನಲ್ಲಿ ದುಡಿಯುವವನಿಗೂ ನೆಲ್ಲಿಯ ರಸವನ್ನೋ ತುಳಸಿಯ ಕಷಾಯವನ್ನೋ ಕುಡಿಸಿದರಾಯಿತೆಂದು ಉಪದೇಶಿಸುವವರು ಹುಟ್ಟಿಕೊಳ್ಳುತ್ತಾರೆ. ಈ ಉಪದೇಶವನ್ನು ನಾನು ನಿರುಪದ್ರವಿಯೆಂದು ಬಗೆಯಲಾರೆ.

ಸಂಶೋಧನೆ ಸುಳ್ಳೆಂದಲ್ಲ. ಇಲಿಗೆ ಕೆಲವು ದಿನ ಮೊದಲೇ ಸಸ್ಯಸಾರವನ್ನುಣಿಸಿ, ಅನಂತರ ವಂಶವಾಹಿಗೆ ಹಾನಿಮಾಡುವ ಸೈಕ್ಲೋಫಾಸ್ಫಮೈಡಿನಂಥ ಔಷಧವನ್ನು ಚುಚ್ಚಿ, ಒಂದು ದಿನ ಕಳೆದ ಮೇಲೆ ತೊಡೆಮೂಳೆಯ ಮಜ್ಜೆಯನ್ನು ಗಾಜಿನ ಮೇಲೆ ಸವರಿ, ಎಳೆಯ ಕೆಂಪುಕಣಗಳಲ್ಲಿ ಉಳಿದುಹೋದ ವರ್ಣತಂತುವಿನ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವ ಆ ವಿಧಾನ ಶಾಸ್ತ್ರಸಮ್ಮತವೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ತುಳಸಿಯ ಓರಿಯೆಂಟಿನ್, ವೈಸೆನಿನ್ ಎಂಬ ಘಟಕಗಳು ಇಲಿಗಳ ವರ್ಣತಂತುಗಳನ್ನು ವಿಕಿರಣದಿಂದ ಕಾಪಾಡಿದುದು ನಮ್ಮ ನಾಡಿಗೆ ಕೀರ್ತಿಯ ಸಂಗತಿಯೂ ಹೌದು. ಆದರೆ ಹೊತ್ತುಗೊತ್ತು ನಿಶ್ಚಯಿಸಿ ಅಳೆದು ಚುಚ್ಚಿದ ವಿಷವೆಲ್ಲಿ, ವರ್ಷವರ್ಷವೂ ತೊಯ್ದ ಅಂಗಿಯಿಂದ ಚರ್ಮಕ್ಕಿಳಿಯುವ ವಿಷವೆಲ್ಲಿ?

ಸಸ್ಯಜನ್ಯವಾದುದೆಲ್ಲ ಹಿತವೆಂಬ ನಂಬಿಕೆಯೂ ನಿಲ್ಲದು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ನನ್ನು ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರಿನ ಧೂಳಿನಲ್ಲಿ ದುಡಿದವರಿಗೂ ವಿಟಮಿನ್ ಎ ಜೊತೆಗೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ತಗ್ಗುವುದಿರಲಿ, ಶೇಕಡಾ 28ರಷ್ಟು ಹೆಚ್ಚಿತು. 1996ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ನಮ್ಮ ಈಶ್ವರಿ ಬೇರಿನ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವಂತೂ ವಂಶವಾಹಿಯನ್ನು ತಾನೇ ಕೆಡಿಸುತ್ತದೆ.

ಇನ್ನು ವಿಷವನ್ನು ಮೂಲದಲ್ಲೇ ತಡೆಯುವ ಮಾತು. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಸಿಂಪಡಿಸಕೂಡದೆಂದು 2005ರಲ್ಲೇ ವಿಧಿಸಿದ ಸರ್ಕಾರ, ಅದರ ಶೇಕಡಾ 36ರ ದ್ರಾವಣವನ್ನು ಉಳಿದ ಬೆಳೆಗಳಿಂದಲೂ ತೆಗೆಯುವ ಆಜ್ಞೆಗೆ 2023ರವರೆಗೆ ಕಾದು, ಆಗಲೂ ಇದ್ದ ದಾಸ್ತಾನನ್ನು ಮಾರಿಕೊಳ್ಳಲು ಬಿಟ್ಟಿತು. ತರಕಾರಿ ತಿನ್ನುವ ಪಟ್ಟಣಿಗನ ಹೊಟ್ಟೆಯ ಮೇಲಿದ್ದ ಕನಿಕರ ಸಿಂಪಡಿಸುವವನ ಮೈಮೇಲೆ ಹುಟ್ಟಲು 18 ವರ್ಷ ಹಿಡಿಯಿತೆನ್ನೋಣ.

ಗಿಡಮೂಲಿಕೆಯ ಮೇಲೆ ಇಷ್ಟು ಭಕ್ತಿಯಿದ್ದರೆ ಅದನ್ನು ಮೊದಲು ಪಂಪಿಗೆ ಹಾಕಿರಿ. 5 ಕಿಲೋ ಬೇವಿನಬೀಜದ ಪುಡಿಯನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, 100 ಲೀಟರು ನೀರಿಗೆ ಕೂಡಿಸಿ, ಸ್ವಲ್ಪ ಸೋಪು ಬೆರೆಸಿ ಕಾಯಿಕೊರಕ ಮೊಟ್ಟೆಯಿಡುವಾಗಲೇ ಹೊಡೆಯುವುದು, ಹುಳು ಬಲಿತಿದ್ದರೆ ಗಿಡ ಅಲುಗಿಸಿ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಉದುರಿಸುವುದು, ಇವು ತೊಗರಿಯ ರೈತನಿಗೆ ಹೊಸ ವಿದ್ಯೆಯಲ್ಲ. ಆ ಬೀಜ ತೊಗರಿ ಹೂಬಿಡುವ ಮುನ್ನವೇ ರೈತ ಸಂಪರ್ಕ ಕೇಂದ್ರಗಳಲ್ಲಿ ದೊರೆಯಲಿ; ಧೂಳನ್ನು ಕಾರ್ಖಾನೆಯ ಯಜಮಾನರು ಯಂತ್ರದ ಬಾಯಲ್ಲೇ ಹಿಡಿಯಲಿ. ಅಲ್ಲಿಯವರೆಗೆ ಕೂಲಿಯವನಿಗೆ ಕಷಾಯ ಕುಡಿಯೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.