ಜಾತಿ ಬಿಡಿ, ಹಳೆಯ ಓನರ್ ನಂಬರ್ ಕೇಳಿ

ಬೆಂಗಳೂರಿನ ವಿಜಯನಗರದಲ್ಲೋ ಬಸವನಗುಡಿಯಲ್ಲೋ ಟು-ಲೆಟ್ ಬೋರ್ಡ್ ನೋಡಿ ಗೇಟು ತೆರೆದರೆ ಎದುರಾಗುವ ಮೊದಲ ಪ್ರಶ್ನೆ, ‘ನೀವು ಯಾವ ಜನ?’ ಎರಡನೆಯದು, ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ಮೂರನೆಯದು, ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ ಈ ಮೂರಕ್ಕೂ ಓನರ್‌ಗೆ ಹಿಡಿಸುವ ಉತ್ತರ ಸಿಕ್ಕರೆ ಮಾತು ನೇರ ಅಡ್ವಾನ್ಸಿಗೆ ಬರುತ್ತದೆ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಹಿಂದಿನ ಮನೆಯನ್ನು ಹೇಗೆ ಇಟ್ಟುಕೊಂಡಿದ್ದರು, ಅದನ್ನು ಯಾಕೆ ಬಿಡುತ್ತಿದ್ದಾರೆ ಎಂದು ಕೇಳುವವರು ಕಡಿಮೆ.

ಮನೆ ಕೊಡುವವರ ಭಯ ಸುಳ್ಳಲ್ಲ. ಮೇಲಿನ ಮಹಡಿಯ ಬಾಡಿಗೆಯನ್ನೇ ನಂಬಿಕೊಂಡ ನಿವೃತ್ತರು ಈ ಊರಿನಲ್ಲಿ ಬಹಳ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತವರನ್ನು ಎಬ್ಬಿಸಲು ಕೋರ್ಟಿಗೆ ಹೋದರೆ ವರ್ಷಗಳೇ ಕಳೆಯಬಹುದು. ಆದ್ದರಿಂದ ವಿಚಾರಿಸಲೇಬೇಕು. ಆದರೆ ಜಾತಿ ಗೊತ್ತಾದ ಮಾತ್ರಕ್ಕೆ ತಿಂಗಳ ಮೊದಲ ವಾರ ಬಾಡಿಗೆ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ವಿಚಾರಣೆ ಸಡಿಲವಾಗಲು ಅಡ್ವಾನ್ಸೂ ಒಂದು ಕಾರಣ. ಹತ್ತು ತಿಂಗಳ ಬಾಡಿಗೆ ಮುಂಗಡ ಪಡೆಯುವುದು ಬೆಂಗಳೂರಿನ ಹಳೆಯ ರೂಢಿ. ಬಾಡಿಗೆ 25,000 ರೂಪಾಯಿ ಎಂದರೆ 2.5 ಲಕ್ಷ ಒಟ್ಟಿಗೆ ಎಣಿಸಬೇಕು. ಅಷ್ಟು ಹಣ ಕೈಗೆ ಬಂದ ಮೇಲೆ ಬಂದವರು ಎಂಥವರು ಎಂದು ಯಾರು ಕೇಳುತ್ತಾರೆ? ನಿಯತ್ತಾಗಿ ದುಡಿಯುವ ಹೊಸ ದಂಪತಿ ಗೇಟಿನ ಹೊರಗೆ ಉಳಿಯುತ್ತಾರೆ, ದುಡ್ಡು ತಂದವರು ಒಳಗೆ ಬರುತ್ತಾರೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಬರೀ ಮಾದರಿ. ರಾಜ್ಯಗಳು ತಮ್ಮ ಕಾನೂನಿನಲ್ಲಿ ತಂದರಷ್ಟೇ ಅದಕ್ಕೆ ಬಲ.

ನನ್ನನ್ನು ಕೇಳಿದರೆ ಅತಿ ಉಪಯೋಗದ ವಿಚಾರಣೆ ಒಂದು ಫೋನ್ ಕರೆ. ಅದೂ ಈಗಿನ ಓನರ್‌ಗೆ ಅಲ್ಲ, ಅದಕ್ಕೂ ಹಿಂದಿನ ಓನರ್‌ಗೆ. ಈಗಿನವರು ಕಾಟ ಕಳೆದುಕೊಳ್ಳಲೆಂದೇ ಹೊಗಳಿಬಿಡಬಹುದು, ಹಿಂದಿನವರಿಗೆ ಆ ಹಂಗಿಲ್ಲ. ಬಾಡಿಗೆ ಎಷ್ಟು ಸಲ ತಡವಾಯಿತು, ಖಾಲಿ ಮಾಡುವಾಗ ಮನೆ ಹೇಗಿತ್ತು, ಮತ್ತೆ ಅವರಿಗೇ ಕೊಡುತ್ತೀರಾ ಎಂದು ಕೇಳಿ. ಸಂಬಳದ ಚೀಟಿ ನೋಡಿ ವಾಪಸ್ ಕೊಡಿ, ಅದರ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಬೇಕಾಗಿಲ್ಲ. ಅಂಗಡಿ ಇಟ್ಟವರಿಗೆ, ಆಟೊ ಓಡಿಸುವವರಿಗೆ ಸಂಬಳದ ಚೀಟಿ ಇರುವುದಿಲ್ಲ. ಅವರಿಗೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕು. ಆಧಾರ್ ಪ್ರತಿ ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪಡೆಯಿರಿ. ಬ್ರೋಕರ್ ಮೊಬೈಲಿಗೆ ಪೂರ್ತಿ ಆಧಾರ್ ಕಳಿಸಿ ಎನ್ನುವ ಚಾಳಿ ನಿಲ್ಲಲೇಬೇಕು. ಹತ್ತಿರದ ಠಾಣೆಗೆ ಬಾಡಿಗೆದಾರರ ವಿವರ ಕೊಟ್ಟು, ಕರಾರು ಪತ್ರದಲ್ಲಿ ಪೇಂಟಿಂಗ್ ಖರ್ಚು ಯಾರದು ಎಂಬುದನ್ನೂ ಬರೆದುಬಿಡಿ. ಮನೆ ಬಿಡುವಾಗಿನ ಜಗಳ ಹೆಚ್ಚಾಗಿ ಅಲ್ಲೇ ಹುಟ್ಟುವುದು.

ಮನೆ ನನ್ನದು, ಯಾರಿಗೆ ಬೇಕೋ ಅವರಿಗೆ ಕೊಡುತ್ತೇನೆ ಎನ್ನುವವರಿಗೆ ಒಂದು ಮಾತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸುತ್ತದೆ, ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ, ನಿಜ. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ವಾಸದ ಮನೆ ಸಿಗದಂತೆ ಮಾಡುವುದು ಅದರ 4ನೇ ಕಲಮಿನ ಪ್ರಕಾರ ಅಪರಾಧ. ಇದು ಗೊತ್ತಿಲ್ಲದೆಯೇ ‘ನೀವು ಯಾವ ಜನ’ ಎಂದು ಗೇಟಿನಲ್ಲಿ ನಿಂತು ಕೇಳುವವರು ಇದ್ದಾರೆ. ಆ ಪ್ರಶ್ನೆ ಕೇಳಿಸಿಕೊಂಡು ಮೆಟ್ಟಿಲಿಳಿದು ಹೋಗುವವರ ಮುಖವನ್ನು ಅವರು ಒಮ್ಮೆ ನೋಡಬೇಕು.

ಬಾಡಿಗೆಗೆ ಬರುವವರೂ ಸುಮ್ಮನಿರಬಾರದು. ಲಕ್ಷಗಟ್ಟಲೆ ಕೊಡುವವರು ನೀವು. ಅದರಲ್ಲೂ ಭೋಗ್ಯಕ್ಕೆ ಹೋಗುವವರು ಹುಷಾರು. ಮನೆಯನ್ನು ತಾನೇ ಬಾಡಿಗೆಗೆ ಹಿಡಿದ ಮಧ್ಯವರ್ತಿ ಅದನ್ನು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಹಣದೊಂದಿಗೆ ಪರಾರಿಯಾಗುವುದಿದೆ. ಸಾಲ ತೀರದ ಮನೆಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಂಡು ಭೋಗ್ಯದವರು ಬೀದಿಗೆ ಬರುವುದೂ ಇದೆ. ತೆರಿಗೆ ರಸೀದಿ, ಬೆಸ್ಕಾಂ ಬಿಲ್ಲಿನಲ್ಲಿರುವ ಹೆಸರು ನೋಡಿ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ಬ್ಯಾಂಕ್ ಸಾಲವಿದೆಯೇ ಎಂದು ಓನರ್‌ರನ್ನೇ ನೇರವಾಗಿ ಕೇಳಿ. ಕಾಗದ ತೋರಿಸಲು ಸಿಡಿಮಿಡಿಗೊಳ್ಳುವವರ ಮನೆ ಎಷ್ಟೇ ಗಾಳಿ ಬೆಳಕಿನದಾದರೂ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ.